ಮತ ಸಾರಲು ಬಂದವರು ಪಾಠ ಹೇಳಿ ಹೋದರು

ಟಿವಿ ನೋಡುವವರಿಗೆ ಯಮಕನಮರಡಿ ಅಂದರೆ ಚುನಾವಣೆ. ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ, ಸತೀಶ ಜಾರಕಿಹೊಳಿ, ಎಷ್ಟನೇ ಸುತ್ತಿನಲ್ಲಿ ಎಷ್ಟು ಲೀಡು. ನಮ್ಮ ಸ್ಟುಡಿಯೋದಲ್ಲಿ ಆ ಊರಿನ ಹೆಸರು ಕೇಳಿಬರುವುದೇ ಹೀಗೆ. ಕೌಂಟಿಂಗ್ ಮುಗಿದ ಮೇಲೆ ಐದು ವರ್ಷ ನಾವ್ಯಾರೂ ಆ ಕಡೆ ತಲೆ ಹಾಕಿಯೂ ಮಲಗಲ್ಲ.

ಇವತ್ತು ರಾಜಕೀಯ ಬೇಡ. ಆ ಊರನ್ನು ಹಾದುಹೋಗುವ ರಸ್ತೆಯ ಕಥೆ ಹೇಳ್ತೀನಿ.

ಪುಣೆ-ಬೆಂಗಳೂರು ಹೆದ್ದಾರಿ. ಮೊದಲು ನಾಲ್ಕನೇ ನಂಬರು ಅಂತಿದ್ವಿ, ಈಗ 48. ಕೊಲ್ಲಾಪುರದಿಂದ ಹೊರಟರೆ ನಿಪ್ಪಾಣಿ, ಸಂಕೇಶ್ವರ, ಯಮಕನಮರಡಿ, ಆಮೇಲೆ ವಂಟಮೂರಿ ಘಾಟು ಹತ್ತಿಳಿದು ಬೆಳಗಾವಿ. ಅಲ್ಲಿಂದ ಮುಂದೆ ಕಿತ್ತೂರು, ಧಾರವಾಡ, ಹುಬ್ಬಳ್ಳಿ. ಇನ್ನೂರು ವರ್ಷಗಳ ಹಿಂದೆ ಈ ದಾರಿಯ ಊರುಗಳಿಗೆ ಕಡಲಾಚೆಯಿಂದ ಒಂದೊಂದೇ ಸಂಸಾರ ಬಂದು ಇಳಿಯಿತು. ಗಂಡನ ಕೈಯಲ್ಲಿ ಬೈಬಲ್ಲು, ಹೆಂಡತಿಯ ಕಂಕುಳಲ್ಲಿ ಮಗು. ಯಮಕನಮರಡಿಯ ದಕ್ಷಿಣಕ್ಕೆ ಬೆಳಗಾವಿಯಲ್ಲಿ ಒಂದು ಮನೆತನ, ಉತ್ತರಕ್ಕೆ ಕೊಲ್ಲಾಪುರದಲ್ಲಿ ಇನ್ನೊಂದು. ಧಾರವಾಡ, ಹುಬ್ಬಳ್ಳಿಯಲ್ಲಿ ಮತ್ತೆ ಕೆಲವು.

ಯಾಕೆ ಈ ವಿಷಯ ಅಂತ ಕೇಳಬಹುದು. 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಅದನ್ನು ವಾಪಸ್ ತೆಗೆದುಕೊಳ್ಳಲು ಹೊಸ ಸರ್ಕಾರದ ಸಂಪುಟ ತೀರ್ಮಾನ ಮಾಡಿತು. ಎರಡೂ ಸಲ ನಾನು ಪ್ಯಾನೆಲ್ ಕೂರಿಸಿ ಚರ್ಚೆ ನಡೆಸಿದ್ದೇನೆ. ಎಡಗಡೆ ಕೂತವರು ಮಿಷನರಿ ಅಂದ್ರೆ ಕಿಟೆಲ್ ಅಂದರು, ಬಲಗಡೆ ಕೂತವರು ಮಿಷನರಿ ಅಂದ್ರೆ ಮತಾಂತರ ಅಂದರು. ಇಬ್ಬರ ಬಾಯಲ್ಲೂ ಒಂದು ಮನೆ, ಒಂದು ಶಾಲೆ, ಒಂದು ಮಗುವಿನ ಹೆಸರು ಬರಲಿಲ್ಲ. ಹಾಗಾಗಿ ಚರ್ಚೆ ಬಿಟ್ಟು, ನಡೆದದ್ದೇನು ಅಂತ ನೋಡೋಣ.

ಮೊದಲು ಬೆಳಗಾವಿ.

ಈಸ್ಟ್ ಇಂಡಿಯಾ ಕಂಪನಿಗೆ ಶುರುವಿನಲ್ಲಿ ಮಿಷನರಿಗಳೆಂದರೆ ಆಗುತ್ತಿರಲಿಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಜನರ ದೇವರು-ದಿಂಡರ ತಂಟೆಗೆ ಹೋದರೆ ವ್ಯಾಪಾರ ಕೆಡುತ್ತೆ, ಸಿಪಾಯಿಗಳು ತಿರುಗಿ ಬೀಳ್ತಾರೆ ಅನ್ನುವ ಭಯ. 1813ರ ಚಾರ್ಟರ್ ಕಾಯ್ದೆ ಬಂದ ಮೇಲೇ ಬಾಗಿಲು ಸರಿಯಾಗಿ ತೆರೆದಿದ್ದು. ಅದಕ್ಕೂ ಮೊದಲೇ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕೂತಿದ್ದರು. ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಶುರುವಾಗಿದ್ದು ಅಲ್ಲಿ. ಅವರ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಮಾಡಿದರು, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದರು. ಕಿಟೆಲ್ ಹುಟ್ಟಿದ್ದೇ 1832ರಲ್ಲಿ!

ಬಳ್ಳಾರಿಯ ಆ ಗುಂಪಿನಲ್ಲಿದ್ದವರು ಜೋಸೆಫ್ ಟೇಲರ್. 1818ರಲ್ಲಿ ಥಾಮಸ್ ಮನ್ರೋ ಬೆಳಗಾವಿ ಕೋಟೆ ಹಿಡಿದ. ಪೇಶ್ವೆಯ ಆಡಳಿತ ಮುಗಿದು ಕಂಪನಿಯ ಪಡೆ ಬೀಡುಬಿಟ್ಟಿತು. 1820ರಲ್ಲಿ ಟೇಲರ್ ಬೆಳಗಾವಿಗೆ ಬಂದು ಮಿಷನ್ ಶುರು ಮಾಡಿದರು. ಅದೇ ವರ್ಷ ಜುಲೈ 3ರಂದು ಬಳ್ಳಾರಿಯಲ್ಲಿ ಅವರಿಗೊಂದು ಗಂಡುಮಗು ಹುಟ್ಟಿತ್ತು. ಹೆಸರು ಜೋಸೆಫ್ ವ್ಯಾನ್ ಸೋಮರನ್ ಟೇಲರ್. ಈ ಮಗುವಿನ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಬರ್ತೀನಿ.

ಬೆಳಗಾವಿ ಆಗ ಎಂಥ ಊರು? ಪೇಟೆಯಲ್ಲಿ ಕನ್ನಡ, ಮರಾಠಿ. ಕ್ಯಾಂಪಿನಲ್ಲಿ ಮದ್ರಾಸ್ ಪಡೆಯ ಹಿಂದೆ ಬಂದವರ ತಮಿಳು. ಒಂದು ಭಾಷೆ ಕಲಿತು ಕೆಲಸ ನಡೆಸುವ ಹಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಟೇಲರ್ ಜೊತೆಗೆ ವಿಲಿಯಂ ಬೆನನ್ ಬಂದು ಸೇರಿಕೊಂಡರು. ಬೆನನ್ ದಶಕಗಟ್ಟಲೆ ಬೆಳಗಾವಿಯಲ್ಲೇ ಉಳಿದರು.

ಆ ಕಾಲ ಎಂಥದ್ದು ನೋಡಿ. 1824ರಲ್ಲಿ ಕಿತ್ತೂರಿನ ಯುದ್ಧ. ಥ್ಯಾಕರೆ ಸತ್ತ. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು. 1831ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಮರುವರ್ಷ, 1832ರಲ್ಲಿ, ಬೆಳಗಾವಿಯಲ್ಲಿ ಮಿಷನ್ನಿನ ಇಂಗ್ಲಿಷ್ ಶಾಲೆ ಬಾಗಿಲು ತೆರೆಯಿತು. ರಾಯಣ್ಣನನ್ನು ನೇಣಿಗೆ ಹಾಕಿದವರ ಜಾತಿಯವರೇ, ಅದೇ ಬಣ್ಣದವರೇ, ನಿಮ್ಮ ಮಗನನ್ನು ಕಳಿಸಿ, ಓದಿಸ್ತೀವಿ ಅಂದರೆ ಯಾವ ಅಪ್ಪ ನಂಬ್ತಾನೆ? ಅನುಮಾನ ಇದ್ದೇ ಇತ್ತು. ಹುಡುಗ ಜಾತಿ ಕೆಡ್ತಾನೆ, ಧರ್ಮ ಬಿಡ್ತಾನೆ ಅನ್ನುವ ಭಯವೂ ಇತ್ತು. ಆ ಭಯ ಸುಳ್ಳು ಅಂತ ನಾನು ಹೇಳಲ್ಲ. ಮಿಷನರಿ ಬಂದಿದ್ದೇ ಮತ ಸಾರುವುದಕ್ಕೆ. ಅದನ್ನು ಅವರು ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. ಶಾಲೆಯಲ್ಲಿ ಲೆಕ್ಕದ ಜೊತೆಗೆ ಬೈಬಲ್ ಪಾಠವೂ ಇತ್ತು.

ಆದರೂ ಜನ ಮಕ್ಕಳನ್ನು ಕಳಿಸಿದರು. ಯಾಕಂದ್ರೆ ನಮ್ಮ ಜನ ದಡ್ಡರಲ್ಲ. ಕಚೇರಿ ಭಾಷೆ ಬದಲಾಗ್ತಿದೆ, ನಾಳೆ ಕಾರಕೂನಿಕೆ ಬೇಕಂದ್ರೆ ಇಂಗ್ಲಿಷ್ ಬೇಕು ಅನ್ನೋದು ಅವರಿಗೆ ಗೊತ್ತಾಗಿತ್ತು. ಪಾಠ ತಗೊಂಡರು, ಮತ ಬಿಟ್ಟರು. ಆ ಶಾಲೆ ಇವತ್ತಿಗೂ ಬೆನನ್ ಸ್ಮಿತ್ ಹೈಸ್ಕೂಲ್ ಅನ್ನುವ ಹೆಸರಲ್ಲಿ ಬೆಳಗಾವಿಯಲ್ಲಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್ ಮಿಷನ್ನಿನವರು ಬೆಳಗಾವಿಯ ಕೆಲಸವನ್ನು ಮೆಥಡಿಸ್ಟರ ಕೈಗೊಪ್ಪಿಸಿ ಹೊರಟುಹೋದರು. ಶಾಲೆ ಮಾತ್ರ ಉಳಿಯಿತು.

ಈಗ ರಸ್ತೆಯ ಇನ್ನೊಂದು ತುದಿಗೆ ಬನ್ನಿ. ಯಮಕನಮರಡಿ ದಾಟಿ, ಸಂಕೇಶ್ವರ, ನಿಪ್ಪಾಣಿ ದಾಟಿ ಕೊಲ್ಲಾಪುರ.

1852ರಲ್ಲಿ ಅಲ್ಲಿಗೆ ಅಮೆರಿಕದಿಂದ ಬಂದ ರಾಯಲ್ ವೈಲ್ಡರ್, ಎಲಿಜಾ ವೈಲ್ಡರ್ ಅನ್ನುವ ಗಂಡ ಹೆಂಡತಿ ನೆಲೆಸಿದರು. ಅದಕ್ಕೂ ಮೊದಲು ಅಹಮದ್‌ನಗರದಲ್ಲಿ ಕೆಲಸ ಮಾಡಿದ್ದರು. ವೈಲ್ಡರ್‌ಗೆ ಹುಚ್ಚು ಅಂದ್ರೆ ಶಾಲೆ. ಶಾಲೆ ತೆಗೆಯೋದು, ಮಕ್ಕಳನ್ನು ಸೇರಿಸೋದು. ಇಲ್ಲೇ ನೋಡಿ ತಗಾದೆ ಶುರುವಾಗಿದ್ದು, ಅದೂ ನಮ್ಮ ಜನರ ಜೊತೆಗಲ್ಲ, ಅವರನ್ನು ಕಳಿಸಿದ ಸಂಸ್ಥೆಯ ಜೊತೆಗೆ.

ಅವರನ್ನು ಕಳಿಸಿದ್ದು ಬಾಸ್ಟನ್ನಿನ ಅಮೆರಿಕನ್ ಬೋರ್ಡ್. ಅದರ ಕಾರ್ಯದರ್ಶಿ ರೂಫಸ್ ಆಂಡರ್ಸನ್ 1854-55ರಲ್ಲಿ ಖುದ್ದಾಗಿ ಭಾರತ, ಸಿಲೋನ್ ಸುತ್ತಿದರು. ಅವರ ತೀರ್ಮಾನ ಖಡಕ್ಕಾಗಿತ್ತು: ನಿಮ್ಮನ್ನು ಕಳಿಸಿದ್ದು ಬೋಧನೆಗೆ, ಶಾಲೆ ನಡೆಸೋಕೆ ಅಲ್ಲ. ಶಾಲೆಗೆ ಸುರಿಯುವ ದುಡ್ಡು ದಂಡ, ಇಂಗ್ಲಿಷ್ ಶಾಲೆಗಳಂತೂ ಬೇಡವೇ ಬೇಡ. ಜಾಫ್ನಾದ ಹೆಸರಾಂತ ಬಟ್ಟಿಕೋಟಾ ಸೆಮಿನರಿಯೇ ಆ ಹೊಡೆತಕ್ಕೆ 1855ರಲ್ಲಿ ಮುಚ್ಚಿತು.

ಆಂಡರ್ಸನ್ ಲೆಕ್ಕ ಅರ್ಥವಾಗದ್ದೇನಲ್ಲ. ಶಾಲೆಗೆ ಬರುವ ಹುಡುಗರು ಓದು ಮುಗಿಸಿ ಸರ್ಕಾರಿ ನೌಕರಿಗೆ ಹೋಗ್ತಾರೆ, ಚರ್ಚಿಗೆ ಯಾರೂ ಬರಲ್ಲ. ಬೋರ್ಡಿಗೆ ಬೇಕಾಗಿದ್ದು ಕ್ರೈಸ್ತರ ಸಂಖ್ಯೆ. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಟಾರ್ಗೆಟ್ಟು. ವೈಲ್ಡರ್ ಆ ಟಾರ್ಗೆಟ್ ಮುಟ್ಟಲಿಲ್ಲ. ಕೊಲ್ಲಾಪುರದಲ್ಲಿ ಮತಕ್ಕೆ ಬಂದವರು ಬೆರಳೆಣಿಕೆ. ಆದರೆ ವೈಲ್ಡರ್ ಬಗ್ಗಲಿಲ್ಲ. 1861ರಲ್ಲಿ, ಭಾರತದ ಮಿಷನ್ ಶಾಲೆಗಳ ಪರವಾಗಿ ಒಂದು ಪುಸ್ತಕವನ್ನೇ ಬರೆದು ಪ್ರಕಟಿಸಿದರು. ಬೋರ್ಡಿನ ಬೆಂಬಲವಿಲ್ಲದೆ, ಸಂಬಳದ ಖಾತ್ರಿಯಿಲ್ಲದೆ, ಹೆಂಡತಿಯನ್ನು ಕರಕೊಂಡು ಮತ್ತೆ ಕೊಲ್ಲಾಪುರಕ್ಕೇ ಬಂದರು. 1870ರಲ್ಲಿ ಪ್ರೆಸ್ಬಿಟೇರಿಯನ್ ಮಿಷನ್ ಅವರನ್ನು ಸೇರಿಸಿಕೊಳ್ಳುವವರೆಗೆ ಸುಮಾರು ಹತ್ತು ವರ್ಷ ಹಾಗೇ ನಡೆಸಿದರು.

ಇದು ನನಗೆ ಈ ಕಥೆಯಲ್ಲಿ ತುಂಬ ಮುಖ್ಯ ಅನ್ನಿಸುವ ಘಟ್ಟ. ಮಿಷನರಿಗಳು ಅಂದ ತಕ್ಷಣ ನಾವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರು ಅಂದುಕೊಳ್ತೀವಿ. ಮೇಲಿನಿಂದ ಆರ್ಡರ್ ಬಂತು, ಕೆಳಗಿನವರು ಮಾಡಿದರು ಅಂತ. ಹಾಗಿರಲಿಲ್ಲ. ಪಾಠ ದೊಡ್ಡದೋ ಬೋಧನೆ ದೊಡ್ಡದೋ ಅನ್ನುವ ಜಗಳ ಅವರ ಮನೆಯೊಳಗೇ ನಡೆದಿತ್ತು. ಬಾಸ್ಟನ್ನಿನಲ್ಲಿ ಕೂತವರಿಗೆ ಸಂಖ್ಯೆ ಕಾಣುತ್ತಿತ್ತು. ಕೊಲ್ಲಾಪುರದಲ್ಲಿ ಕೂತವನಿಗೆ ಎದುರಿಗಿದ್ದ ಮಗು ಕಾಣುತ್ತಿತ್ತು.

ವೈಲ್ಡರ್ ದಂಪತಿಯ ಮಗ ರಾಬರ್ಟ್ ಹುಟ್ಟಿದ್ದು 1863ರಲ್ಲಿ, ಕೊಲ್ಲಾಪುರದಲ್ಲೇ. ಮುಂದೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಓದಿದ. 1886ರಲ್ಲಿ ಮೌಂಟ್ ಹರ್ಮನ್ ಅನ್ನುವಲ್ಲಿ ನಡೆದ ವಿದ್ಯಾರ್ಥಿ ಶಿಬಿರದಲ್ಲಿ ಆತ ಓಡಾಡಿ ನೂರು ಜನ ಹುಡುಗರಿಂದ ಹೊರದೇಶಕ್ಕೆ ಹೋಗ್ತೀವಿ ಅನ್ನುವ ಮಾತು ಪಡೆದ. ಅದೇ ಬೆಳೆದು ವಿದ್ಯಾರ್ಥಿ ಸ್ವಯಂಸೇವಕರ ದೊಡ್ಡ ಚಳವಳಿಯಾಯಿತು. ಮುಂದಿನ ದಶಕಗಳಲ್ಲಿ ಚೀನಾ, ಆಫ್ರಿಕಾ, ಭಾರತಕ್ಕೆ ಸಾವಿರಾರು ಜನ ಆ ಚಳವಳಿಯಿಂದ ಹೊರಟರು. ಅಪ್ಪ 1887ರಲ್ಲಿ ತೀರಿಕೊಂಡ ಮೇಲೆ ತಾಯಿ ಎಲಿಜಾ, ಮಗಳು ಗ್ರೇಸ್ ಮತ್ತೆ ಈ ಕಡೆಗೇ ವಾಪಸ್ ಬಂದರು. ಅವರಿಗೆ ಮನೆ ಅಂದ್ರೆ ಯಾವುದು? ಅಮೆರಿಕವೋ, ಕೊಲ್ಲಾಪುರವೋ?

ವೈಲ್ಡರ್‌ನನ್ನು ಸೇರಿಸಿಕೊಂಡ ಪ್ರೆಸ್ಬಿಟೇರಿಯನ್ ಮಿಷನ್ನಿನ ಇನ್ನೊಂದು ಕೊಡುಗೆ ನಮ್ಮ ಗಡಿ ಜನಕ್ಕೆ ಚೆನ್ನಾಗಿ ಗೊತ್ತು. ಕೆನಡಾದ ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ತೆರೆದ ಮಿರಜ್ ಮಿಷನ್ ಆಸ್ಪತ್ರೆ. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯವರನ್ನು ಕೇಳಿ. ಮನೆಯಲ್ಲಿ ಯಾರಿಗಾದರೂ ಜೋರಾಗಿ ಹುಷಾರು ತಪ್ಪಿದರೆ ಹಿರಿಯರು ಹೇಳುತ್ತಿದ್ದ ಮಾತು ಒಂದೇ: ಮಿರಜಿಗೆ ಒಯ್ಯಿರಿ.

ಈಗ ಟೇಲರ್ ಮಗನ ಕಥೆಗೆ ಬರೋಣ. ಬಳ್ಳಾರಿಯಲ್ಲಿ ಹುಟ್ಟಿದ ಆ ಹುಡುಗ ದೊಡ್ಡವನಾಗಿ, ಅಪ್ಪನ ಹಾಗೆ ಲಂಡನ್ ಮಿಷನ್ ಸೇರಿ, 1840ರ ದಶಕದಲ್ಲಿ ಗುಜರಾತಿಗೆ ಹೋದ. ಅಲ್ಲಿ ಗುಜರಾತಿ ಕಲಿತ. ಬರೀ ಬೋಧನೆ ಮಾಡುವಷ್ಟಲ್ಲ, 1867ರಲ್ಲಿ ಗುಜರಾತಿ ಭಾಷೆಯಲ್ಲೇ ಗುಜರಾತಿ ವ್ಯಾಕರಣ ಬರೆಯುವಷ್ಟು. ಗುಜರಾತಿ ವ್ಯಾಕರಣದ ಪಿತಾಮಹ ಅಂತ ಅವರನ್ನು ಕರೆಯುವುದುಂಟು. 1881ರಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡರು. ನಮ್ಮ ಬಳ್ಳಾರಿಯಲ್ಲಿ ಹುಟ್ಟಿದವರು, ಬೆಳಗಾವಿ ಮಿಷನ್ ಕಟ್ಟಿದವರ ಮಗ, ಗಾಂಧೀಜಿ ಮಾತಾಡಿದ ಭಾಷೆಗೆ ವ್ಯಾಕರಣ ಬರೆದರು. ಈ ಸಂಗತಿ ನಮ್ಮ ಯಾವ ಪಠ್ಯಪುಸ್ತಕದಲ್ಲಾದರೂ ಓದಿದ ನೆನಪು ನಿಮಗಿದೆಯಾ? ನನಗಂತೂ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಸಾಧನೆ. ಇದರ ಬೆಲೆ ಕಟ್ಟಿದವರು ಯಾರು ಅಂತಲೂ ಹೇಳಬೇಕಲ್ಲ. ಅದಕ್ಕೆ ರಸ್ತೆಯಲ್ಲಿ ಇನ್ನಷ್ಟು ದಕ್ಷಿಣಕ್ಕೆ, ಧಾರವಾಡ-ಹುಬ್ಬಳ್ಳಿಗೆ ಹೋಗಬೇಕು.

ಅಲ್ಲಿದ್ದವರು ಬಾಸೆಲ್ ಮಿಷನ್ನಿನವರು. ಸ್ವಿಟ್ಜರ್ಲೆಂಡಿನ ಸಂಸ್ಥೆ, ಬಂದವರು ಹೆಚ್ಚಿನವರು ಜರ್ಮನರು. 1834ರಲ್ಲಿ ಮಂಗಳೂರಿಗೆ ಬಂದವರು 1837ರ ಹೊತ್ತಿಗೆ ಧಾರವಾಡ, 1839ಕ್ಕೆ ಹುಬ್ಬಳ್ಳಿ ಮುಟ್ಟಿದ್ದರು. 1843ರಲ್ಲಿ ಮಂಗಳೂರ ಸಮಾಚಾರ ಶುರುಮಾಡಿದ ಹರ್ಮನ್ ಮೋಗ್ಲಿಂಗ್ ಇವರವರೇ. ಪತ್ರಿಕೋದ್ಯಮದಲ್ಲಿರುವ ನಾವೆಲ್ಲ ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನ ಮಾಡೋದು ಆ ಪತ್ರಿಕೆ ಹುಟ್ಟಿದ ದಿನದ ನೆನಪಿಗೆ. ಫರ್ಡಿನಾಂಡ್ ಕಿಟೆಲ್ ಬಂದಿದ್ದು 1853ರಲ್ಲಿ.

ಬಾಸೆಲ್ ಮಿಷನ್ನಿನ ಕಟ್ಟಳೆ ಬಹಳ ಬಿಗಿ. ಹುಡುಗ ಮದುವೆಯಾಗದೆ ಬರಬೇಕು. ಕೆಲವು ವರ್ಷ ದುಡಿದ ಮೇಲೆ ಮದುವೆಗೆ ಸಮಿತಿಯ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಸಿಕ್ಕರೆ ಊರಿನಿಂದ ಹೆಣ್ಣು ಹಡಗು ಹತ್ತಿ ಬರಬೇಕು. ಎಷ್ಟೋ ಹೆಣ್ಣುಮಕ್ಕಳು ಗಂಡನ ಮುಖವನ್ನು ಸರಿಯಾಗಿ ನೋಡಿದ್ದು ಇಲ್ಲಿ ಬಂದರಿನಲ್ಲಿ ಇಳಿದ ಮೇಲೆ. ಕಿಟೆಲ್ ಮದುವೆಯಾಗಿದ್ದು 1860ರಲ್ಲಿ, ಬಂದು ಏಳು ವರ್ಷಕ್ಕೆ. ಹೆಂಡತಿ ಪೌಲೀನ್ 1864ರಲ್ಲಿ ತೀರಿಕೊಂಡರು. ಮೂರು ವರ್ಷದ ಮೇಲೆ ಆಕೆಯ ಸಹೋದರಿ ಯೂಲಿಯನ್ನು ಮದುವೆಯಾದರು. ಮೋಗ್ಲಿಂಗ್ ಬಹುಕಾಲ ಒಂಟಿಯಾಗಿದ್ದು, ಕೊನೆಗೆ ತೀರಿಹೋದ ಗೆಳೆಯ ವೈಗಲ್‌ನ ವಿಧವೆಯನ್ನು ಮದುವೆಯಾದರು. 1860ರಲ್ಲಿ ಭಾರತ ಬಿಟ್ಟು ಹೋದರು.

ಮಕ್ಕಳ ಗತಿ? ಸುಮಾರು ಆರು ವರ್ಷ ತುಂಬಿದ ಮೇಲೆ ಮಗುವನ್ನು ಯುರೋಪಿಗೆ ಕಳಿಸಬೇಕು. ಅದಕ್ಕೆಂದೇ 1853ರಲ್ಲಿ ಬಾಸೆಲ್‌ನಲ್ಲಿ ಮಕ್ಕಳ ಮನೆ ಅಂತ ಒಂದು ಹಾಸ್ಟೆಲ್ ತೆರೆದರು. ಧಾರವಾಡದಲ್ಲಿ, ಮಂಗಳೂರಿನಲ್ಲಿ, ತಲಶ್ಶೇರಿಯಲ್ಲಿ ಆಯಾಳ ಸೊಂಟದ ಮೇಲೆ ಬೆಳೆದ ಮಗು ಹಡಗಿನಲ್ಲಿ ಹೋಗಿ, ಕಂಡರಿಯದ ಚಳಿಯ ಊರಲ್ಲಿ ಅಪ್ಪ-ಅಮ್ಮನ ಪತ್ರಕ್ಕೆ ಕಾಯುತ್ತ ಬೆಳೆಯಬೇಕು. ಪತ್ರ ಬರೋಕೆ ತಿಂಗಳುಗಳು. ಮತ್ತೆ ಭೇಟಿ ಹತ್ತು ವರ್ಷಕ್ಕೋ, ಹನ್ನೆರಡು ವರ್ಷಕ್ಕೋ. ಕೆಲವರಿಗೆ ಭೇಟಿಯೇ ಇಲ್ಲ.

ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಮೋಗ್ಲಿಂಗ್‌ನ ಗೆಳೆಯ. ಅವರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಪುಟ್ಟ ಹುಡುಗಿಯಾಗಿದ್ದಾಗಲೇ ಯುರೋಪಿನಲ್ಲಿ ಬಿಟ್ಟುಬಂದರು. ಮತ್ತೆ ಅಪ್ಪ-ಅಮ್ಮನ ಹತ್ತಿರ ಬರುವಾಗ ಹದಿನೈದು ವರ್ಷದವಳಾಗಿದ್ದಳು. ಆಕೆಯ ಮಗನೇ 1946ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಹರ್ಮನ್ ಹೆಸ್ಸೆ, ಸಿದ್ಧಾರ್ಥ ಕಾದಂಬರಿ ಬರೆದವರು.

ಸಾವಿರಾರು ಮಂದಿ ಊರ ಮಕ್ಕಳಿಗೆ ಪಾಠ ಹೇಳಿದವರು ತಮ್ಮ ಮಕ್ಕಳಿಗೆ ಮಗ್ಗಿ ಹೇಳಿಕೊಡಲು ಆಗಲಿಲ್ಲ. ಇದನ್ನು ತ್ಯಾಗ ಅನ್ನೋದಾದರೆ, ಆ ತ್ಯಾಗ ಮಾಡಿ ಅಂತ ಆರು ವರ್ಷದ ಮಗುವನ್ನು ಯಾರೂ ಕೇಳಿರಲಿಲ್ಲ ಅನ್ನೋದನ್ನೂ ಹೇಳಬೇಕು.

ಇನ್ನೂ ಇಬ್ಬರ ಹೆಸರು ಈ ಇತಿಹಾಸದಿಂದ ಬಿಟ್ಟುಹೋಗಿದೆ. ಒಬ್ಬಳು ಮಿಷನರಿಯ ಹೆಂಡತಿ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ್ದು, ಹೊಲಿಗೆ ಕಲಿಸಿದ್ದು ಹೆಚ್ಚಾಗಿ ಆಕೆಯೇ. ನೇಮಕಾತಿಯ ಪಟ್ಟಿಯಲ್ಲಿರುವುದು ಗಂಡ, ಸಂಬಳವೂ ಗಂಡನಿಗೆ. ವರದಿಯಲ್ಲಿ ಆಕೆ ಬರೀ ಮಿಸೆಸ್. ಇನ್ನೊಬ್ಬರು ನಮ್ಮವರೇ, ಮುನ್ಷಿಗಳು, ಪಂಡಿತರು. ಹಡಗಿಳಿದು ಬಂದ ಸಾಹೇಬನಿಗೆ ಅ ಆ ಇ ಈ ತಿದ್ದಿಸಿದವರು. ಕಿಟೆಲ್ ನಿಘಂಟು 1894ರಲ್ಲಿ ಬಂತು, ಸುಮಾರು 70,000 ಪದ. ಅಷ್ಟೂ ಪದ ಜರ್ಮನಿಯಿಂದ ಬಂದಿದ್ದಲ್ಲ. ನಮ್ಮ ಪಂಡಿತರ ಬಾಯಿಂದ, ಓಲೆಗರಿಯಿಂದ, ರೈತರ ಮಾತಿಂದ ಬಂದಿದ್ದು. ಮೇಷ್ಟ್ರು ಆಗೋಕೆ ಬಂದವನು ಮೊದಲು ಇಲ್ಲಿ ವಿದ್ಯಾರ್ಥಿಯಾಗಬೇಕಾಯಿತು. ಮುಖಪುಟದಲ್ಲಿ ಆ ವಿದ್ಯಾರ್ಥಿಯ ಹೆಸರಿದೆ, ಕಲಿಸಿದ ಗುರುವಿನ ಹೆಸರಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನಾನು ಬಂದ ತೀರ್ಮಾನ ಸರಳ. ಮತ ಸಾರಲು ಬಂದರು, ಆ ಲೆಕ್ಕದಲ್ಲಿ ಈ ಭಾಗದಲ್ಲಿ ಗೆದ್ದಿದ್ದು ಕಡಿಮೆ. ಅದಕ್ಕೆ ದಾರಿಯಾಗಲಿ ಅಂತ ತೆರೆದ ಶಾಲೆ, ನಿಘಂಟು, ವ್ಯಾಕರಣ, ಆಸ್ಪತ್ರೆ ಮಾತ್ರ ಉಳಿದವು. ಜನ ತಮಗೆ ಬೇಕಾದ್ದನ್ನು ಆರಿಸಿಕೊಂಡರು. ನಮ್ಮ ಚರ್ಚೆಗಳಲ್ಲಿ ಜನರನ್ನು ಯಾರು ಬೇಕಾದರೂ ಎಳೆದೊಯ್ಯಬಹುದಾದ ಕುರಿಗಳ ಹಾಗೆ ಮಾತಾಡ್ತಾರೆ. ಬೆಳಗಾವಿಯ ಇತಿಹಾಸ ಹಾಗೆ ಹೇಳಲ್ಲ.

ಆರಿಸಿಕೊಂಡಿದ್ದಷ್ಟೇ ಅಲ್ಲ, ತಾವೇ ಕಟ್ಟಿದರು ಕೂಡ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ ಶುರುಮಾಡಿದರು. ಇವತ್ತಿನ ಕೆಎಲ್‌ಇ. ಶುರುವಾಗಿದ್ದು ಒಂದು ಶಾಲೆಯಿಂದ. ಅರಟಾಳ ರುದ್ರಗೌಡರು, ಶಿರಸಂಗಿ ಲಿಂಗರಾಜರಂಥ ದಾನಿಗಳ ಹೆಸರು ಅದರ ಜೊತೆಗಿದೆ. ಯಮಕನಮರಡಿಯ ನೆರೆಯ ವಂಟಮೂರಿ ಸಂಸ್ಥಾನದ ರಾಜಾ ಲಖಮಗೌಡರ ಹೆಸರಲ್ಲಿ ಬೆಳಗಾವಿಯಲ್ಲಿ ವಿಜ್ಞಾನ ಕಾಲೇಜಿದೆ, ಕಾನೂನು ಕಾಲೇಜಿದೆ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯಕ್ಕೂ ಅವರದೇ ಹೆಸರು. ಕಡಲಾಚೆಯಿಂದ ಯಾರೋ ಬಂದು ಶಾಲೆ ತೆರೆಯಲಿ ಅಂತ ಕಾಯುವ ಕಾಲ ಅಲ್ಲಿಗೆ ಮುಗಿಯಿತು.

ಈಗ ಹೊಳೆ ತಿರುಗಿ ಹರೀತಿದೆ. ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದ ಹುಡುಗರು ಲಂಡನ್ನಿಗೆ, ಜರ್ಮನಿಗೆ, ಅಮೆರಿಕಕ್ಕೆ ಹೋಗ್ತಾರೆ. ಅಜ್ಜ-ಅಜ್ಜಿ ಮೊಬೈಲಿನಲ್ಲಿ ಮೊಮ್ಮಗನ ಮುಖ ನೋಡ್ತಾರೆ. ಆ ಮಗು ಆಡುವ ಇಂಗ್ಲಿಷು ಅಜ್ಜಿಗೆ ತಿಳಿಯಲ್ಲ, ಅಜ್ಜಿಯ ಕನ್ನಡ ಮಗುವಿಗೆ ತಿಳಿಯಲ್ಲ. ಬಾಸೆಲ್‌ನ ಮಕ್ಕಳ ಮನೆಯ ನೋವು ಏನಿತ್ತು ಅಂತ ತಿಳಿಯೋಕೆ ನಮಗೆ ಈಗ ಇತಿಹಾಸದ ಪುಸ್ತಕ ಬೇಕಾಗಿಲ್ಲ.

ಕೊನೆಗೊಂದು ಮಾತು. ಬೆಳಗಾವಿಯಲ್ಲಿ ಭಾಷೆಯ ಹೆಸರಲ್ಲಿ ಬಸ್ಸಿನ ಗಾಜು ಒಡೆದ ಸುದ್ದಿಯನ್ನು ನಾನೇ ಎಷ್ಟೋ ಸಲ ಓದಿದ್ದೇನೆ. ಕನ್ನಡ ಮಾತಾಡು, ಮರಾಠಿ ಮಾತಾಡು ಅಂತ ಕೊರಳಪಟ್ಟಿ ಹಿಡಿದ ದೃಶ್ಯ ತೋರಿಸಿದ್ದೇನೆ. ಅದೇ ಊರಿನಲ್ಲಿ ಇನ್ನೂರು ವರ್ಷದ ಹಿಂದೆ ಕಡಲಾಚೆಯಿಂದ ಬಂದವರು ಎದುರಿಗೆ ಕೂತ ಮಗುವಿಗೆ ಪಾಠ ತಿಳಿಯಲಿ ಅಂತ ಕುಳಿತು ಆ ಮಗುವಿನ ಭಾಷೆ ಕಲಿತರು. ಅವರ ಮತ ನಮಗೆ ಬೇಡ, ಅವರ ಸರ್ಕಾರವನ್ನು ನಾವು ಓಡಿಸಿಯೂ ಆಯಿತು. ಗಡಿಯ ಸರ್ಕಾರಿ ಶಾಲೆಯಲ್ಲಿ ಇವತ್ತು ಬೆಳಿಗ್ಗೆ ಹಾಜರಿ ಕೂಗಿಸಿಕೊಂಡ ಮಗುವಿನ ಭಾಷೆಯನ್ನು ಕಲಿಯುವಷ್ಟು ತಾಳ್ಮೆಯಾದರೂ ನಮಗಿದೆಯಾ? ಯೋಚನೆ ಮಾಡಿ.